ಲೇಸ್ ಹಾಕೋಕೆ ಬರಹದ ಪ್ಯಾಟರ್ನೋ, ಚಾರ್ಟೋ?

ಟೀಪಾಯಿ ಮೇಲೆ ಹಾಸಲು ಕ್ರೋಶೆ ಕಡ್ಡಿಯಲ್ಲಿ ಒಂದು ದುಂಡನೆಯ ಲೇಸ್ ಹಾಕೋಣ ಅಂತ ಕೂತೆ. ಎಂಟನೇ ಸುತ್ತಿಗೆ ಬರುವಷ್ಟರಲ್ಲಿ ಅದು ಬಟ್ಟಲಿನ ಹಾಗೆ ಎದ್ದು ನಿಂತಿತ್ತು. ಕೈ ಬಿಗಿಯಾಯ್ತೇನೋ ಅಂದ್ಕೊಂಡು ಬಿಚ್ಚಿ ಮತ್ತೆ ಹಾಕಿದೆ. ಮತ್ತೆ ಬಟ್ಟಲೇ!

ನನ್ನ ಪುಸ್ತಕ ಬ್ರಿಟನ್ನಿನದು. ನಾನು ಕಲಿತದ್ದು ಅಮೆರಿಕದವರ ವಿಡಿಯೋ ನೋಡಿ. ಎಡವಟ್ಟಾಗಿದ್ದು ಅಲ್ಲೇ. ಬ್ರಿಟಿಷರು 'ಡಬಲ್ ಕ್ರೋಶೆ' ಅನ್ನೋದು ಅಮೆರಿಕದವರ 'ಸಿಂಗಲ್'. ಕಂಬ ಅಂದರೆ ನೆಟ್ಟಗೆ ನಿಲ್ಲೋ ಹೆಣಿಗೆ; ಗಿಡ್ಡ ಕಂಬ ಹಾಕೋ ಕಡೆಯೆಲ್ಲ ನಾನು ಉದ್ದ ಕಂಬ ಹಾಕಿದ್ದೆ. ಕಂಬ ಎತ್ತರವಾದರೆ ಸುತ್ತಿಗೆ ಇನ್ನೂ ಜಾಸ್ತಿ ಕಂಬ ಬೇಕು, ಇಲ್ಲದಿದ್ದರೆ ಅಂಚು ಸಾಲದೆ ಮೇಲೇಳುತ್ತೆ. ಈಗ ಹೊಸ ಪ್ಯಾಟರ್ನ್ ಸಿಕ್ಕರೆ ಮೊದಲು 'ಸಿಂಗಲ್ ಕ್ರೋಶೆ' ಅಂತ ಎಲ್ಲಾದರೂ ಇದೆಯಾ ನೋಡ್ತೀನಿ. ಇದ್ದರೆ ಸಾಮಾನ್ಯವಾಗಿ ಅದು ಅಮೆರಿಕದ್ದು.

ಹೆಣಿಗೆಯನ್ನು ಗುರುತುಗಳಲ್ಲಿ ಬಿಡಿಸಿ ತೋರಿಸೋ ಚಾರ್ಟಿನಲ್ಲಿ ಈ ರಗಳೆ ಇಲ್ಲ. ಮೊಟ್ಟೆಯಾಕಾರ ಅಂದರೆ ಸರಪಳಿ (ಚೈನ್). 'ಟಿ' ಅಕ್ಷರದ ಮೈಮೇಲೆ ಒಂದು ಅಡ್ಡಗೀಟು ಇದ್ದರೆ ಕಡ್ಡಿಗೆ ದಾರ ಒಂದು ಸಲ ಸುತ್ತು, ಎರಡಿದ್ದರೆ ಎರಡು ಸಲ. ಯಾವ ದೇಶದವರು ಏನಂತ ಕರೆದರೂ ಗೀಟು ಅಷ್ಟೇ. ದುಂಡನೆಯದಾದರೆ ನಡುವಿನಿಂದ ಹೊರಗೆ ಓದಬೇಕು. ನನಗೆ ಕಷ್ಟವಾಗಿದ್ದು ಒಂದೇ: ಕಂಬವನ್ನು ಸರಪಳಿಯ ಒಂದು ಕಣ್ಣಿಗೆ ಚುಚ್ಚಬೇಕೋ, ಸರಪಳಿಯ ಕೆಳಗಿನ ಖಾಲಿ ಜಾಗದಿಂದ ಎಳೆಯಬೇಕೋ? ಕಂಬಗಳ ಬುಡ ನೋಡಬೇಕು. ಬುಡಗಳೆಲ್ಲ ಒಂದೇ ಚುಕ್ಕೆಗೆ ಕೂಡಿದ್ದರೆ ಒಂದೇ ಕಣ್ಣಿಗೆ. ಬಿಡಿಬಿಡಿಯಾಗಿ ಸರಪಳಿ ಮೇಲೆ ನಿಂತಿದ್ದರೆ ಖಾಲಿ ಜಾಗಕ್ಕೆ. ಇದು ತಿಳಿಯದೆ ಒಂದು ಸಂಜೆ ಪೂರ್ತಿ ಹಾಳು ಮಾಡಿದ್ದೀನಿ.

ಮಗ್ಗಲ ಮನೆ ಕಾಕು ಎರಡನ್ನೂ ನಂಬೋದಿಲ್ಲ. ಹಳೇ ತೋರಣ ತೊಡೆ ಮೇಲೆ ಹರವಿ, "ಓದೂದೇನೈತಿ, ಇದನ್ನ ಎಣಿಸಿ ಹಾಕವಾ" ಅಂತಾರೆ. ಬರೀ ಅಂಚಿನ ಲೇಸಿಗೆ ಅದೇ ಸಲೀಸು, ಒಪ್ಪಿಕೊಂಡೆ. ಆದರೆ ಮಾದರಿ ಕೈಯಲ್ಲಿ ಇಲ್ಲದಾಗ?

ನನಗೆ ಎಲ್ಲಕ್ಕಿಂತ ಬೇಗ ಒಲಿದದ್ದು ಚೌಕಳಿ ಲೇಸ್, ಫಿಲೆ ಅಂತಾರಲ್ಲ, ಅದು. ಧಾರವಾಡದಲ್ಲಿ ಕಸೂತಿ ಗೊತ್ತಿದ್ದವರಿಗೆ ಇದು ಹೊಸದೇ ಅನ್ನಿಸಲ್ಲ. ನಕ್ಷೆ ಬರೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿ ಕಸೂತಿಯ ಗವಂತಿ ಹೊಲಿಗೆ ಹಾಕಿದವರಿಗೆ ಚೌಕ ಎಣಿಸೋದು ಯಾವ ಲೆಕ್ಕ? ಖಾಲಿ ಚೌಕಕ್ಕೆ ಎರಡು ಸರಪಳಿ, ಒಂದು ಕಂಬ. ತುಂಬಿದ ಚೌಕಕ್ಕೆ ಮೂರು ಕಂಬ. ಸಾಲಿನ ಶುರುವಿನಲ್ಲಿ ಒಂದು ಕಂಬ ಹೆಚ್ಚು, ಹಾಗಾಗಿ 20 ಚೌಕಕ್ಕೆ ಸರಪಳಿ, ಕಂಬ ಎಲ್ಲ ಸೇರಿ 61. ಒಂದು ಸಾಲು ಬಲದಿಂದ ಎಡಕ್ಕೆ ಓದಿದರೆ ಮುಂದಿನದು ಎಡದಿಂದ ಬಲಕ್ಕೆ. ಮರೆತರೆ ನವಿಲಿನ ಕೊಕ್ಕು ಬಾಲದ ಕಡೆ ಹೋಗುತ್ತೆ, ಅನುಭವದ ಮಾತು.

ಬರಹವನ್ನು ಪೂರ್ತಿ ಬಿಟ್ಟಿಲ್ಲ. ಫೋನಿನಲ್ಲಿ ಚಾರ್ಟ್ ಹಿಗ್ಗಿಸಿದರೆ ಯಾವ ಸುತ್ತಿನಲ್ಲಿದ್ದೆ ಅನ್ನೋದೇ ತಪ್ಪಿಹೋಗುತ್ತೆ. ಅದಕ್ಕೆ ಪ್ರತಿ ಸುತ್ತಿನ ಕಂಬದ ಲೆಕ್ಕ ಮಾತ್ರ ಬರಹದಿಂದ ತೆಗೆದು ಚೀಟಿಯಲ್ಲಿ ಬರೆದಿಟ್ಟುಕೊಳ್ತೀನಿ. ಸುತ್ತು ಮುಗಿದ ಕೂಡಲೇ ಎಣಿಸಿ ಒಂದು ಗೀಟು ಎಳೆದರೆ ಆಯ್ತು.