ಮ್ಯೂನಿಕ್‌ನಿಂದ ಪಾರೋಸ್‌ಗೆ ಕಾರಿನಲ್ಲಿ: ಇಟಲಿಯ ಹಡಗೋ, ಬಾಲ್ಕನ್ ರಸ್ತೆಯೋ?

ಎರಡು ದಾರಿಯೂ ಸೇರುವುದು ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿಗೆ. ಅಲ್ಲಿಂದ ಗ್ರೀಸ್‌ನ ದ್ವೀಪ ಪಾರೋಸ್‌ಗೆ ಹೇಗೂ ಹಡಗು ಹತ್ತಲೇಬೇಕು.

ದೂರದಲ್ಲಿ ವ್ಯತ್ಯಾಸ ದೊಡ್ಡದು. ಸರ್ಬಿಯಾ, ಉತ್ತರ ಮ್ಯಾಸಿಡೋನಿಯಾ ದಾಟಿ ಹೋದರೆ ಸುಮಾರು 2,000 ಕಿ.ಮೀ. ನೀವೇ ಓಡಿಸಬೇಕು. ಇಟಲಿಯ ಅಂಕೋನಾಗೆ ಸುಮಾರು 800 ಕಿ.ಮೀ. ಅಷ್ಟೆ. ಆಮೇಲೆ ಗ್ರೀಸ್‌ನ ಪಾತ್ರಾಸ್ ಬಂದರಿನವರೆಗೆ ಹಡಗಿನಲ್ಲಿ ಹೆಚ್ಚುಕಮ್ಮಿ ಒಂದು ದಿನ, ಕೊನೆಗೆ 220 ಕಿ.ಮೀ. ರಸ್ತೆ. ರಾತ್ರಿಯ ಬಟ್ಟೆ, ಔಷಧಿ, ಮಕ್ಕಳ ತಿಂಡಿಗೆ ಬೇರೆ ಚೀಲ ಮಾಡಿಕೊಳ್ಳಿ. ಹಡಗು ಹೊರಟ ಮೇಲೆ ಕಾರು ನಿಲ್ಲಿಸಿದ ಅಂತಸ್ತಿಗೆ ಬೀಗ ಹಾಕುತ್ತಾರೆ.

ಖರ್ಚು? ಆಗಸ್ಟ್‌ನಲ್ಲಿ ಕ್ಯಾಬಿನ್ ತಗೊಂಡರೆ ಹಡಗು ದುಬಾರಿ. ರಸ್ತೆಯಲ್ಲಿ ಪೆಟ್ರೋಲ್, ಟೋಲ್, ಒಂದೆರಡು ರಾತ್ರಿ ಹೋಟೆಲ್. ನಾಲ್ಕು ಜನರಿದ್ದರೆ ರಸ್ತೆಯೇ ಅಗ್ಗ ಅನ್ನಿಸುತ್ತದೆ.

ಗಡಿಯದ್ದೇ ನಿಜವಾದ ತಲೆನೋವು. ರಜೆಯಲ್ಲಿ ಜರ್ಮನಿಯಿಂದ ಟರ್ಕಿಗೆ ಹೋಗುವ ಕುಟುಂಬಗಳೂ ಸರ್ಬಿಯಾ ಗಡಿಯಲ್ಲೇ ಸಾಲು ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್‌ನಿಂದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು; ಸರ್ಬಿಯಾ ಅದರಲ್ಲಿಲ್ಲ) ಹೊರಹೋಗಿ ಮತ್ತೆ ಒಳಬರುತ್ತೀರಿ. ವೀಸಾ ನಿಯಮ ಮೊದಲೇ ನೋಡಿಕೊಳ್ಳಿ.

ಚಿಕ್ಕ ಮಕ್ಕಳಿದ್ದರೆ, ಒಬ್ಬರೇ ಓಡಿಸುವುದಾದರೆ ನಾನು ಹಡಗನ್ನೇ ಹೇಳುತ್ತೇನೆ. ಇಬ್ಬರು ಚಾಲಕರಿದ್ದು, ಜೂನ್‌ನಲ್ಲಿ ಹೊರಟು, ಬೆಲ್‌ಗ್ರೇಡ್‌ನಲ್ಲಿ ಒಂದು ದಿನ ಸುಮ್ನೆ ಸುತ್ತುವ ಆಸೆಯಿದ್ದರೆ ರಸ್ತೆ ಹಿಡಿಯಿರಿ.