ಡೆಪಾ ಎಣ್ಣೆ: ಮೂರು ವರ್ಷ ಹಚ್ಚಿಕೊಂಡ ಮೇಲೆ

ನಮ್ಮದು ಶಿರಸಿ ತಾಲ್ಲೂಕು, ಸಿದ್ದಾಪುರದ ಗಡಿಗೆ ತಾಗಿದ ಊರು. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ) ಬೇಕೆಂದರೆ ಬೆಟ್ಟಕ್ಕೆ ಹೋಗಲೇಬೇಕು. ದರಕು ಗುಡಿಸುವ ದಿನಗಳಲ್ಲೇ ಉಣುಗಿನ (ರಕ್ತ ಹೀರುವ ಉಣ್ಣೆಯ) ಕಾಟವೂ ಜಾಸ್ತಿ. ಮಂಗನ ಕಾಯಿಲೆ ಬರುವುದು ಆ ಉಣುಗು ಕಚ್ಚಿಯೇ. ಅದಕ್ಕೆಂದು ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಎಣ್ಣೆ ಈ ಡೆಪಾ. ದುಡ್ಡು ಕೊಡಬೇಕಿಲ್ಲ. ಕಂಡುಹಿಡಿದದ್ದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಗ್ವಾಲಿಯರ್ ಪ್ರಯೋಗಾಲಯ.

ಮೊದಲ ವರ್ಷ ಪಾದಕ್ಕಷ್ಟೇ ಸವರಿಕೊಂಡು ಹೋಗಿದ್ದೆ. ಸಂಜೆ ನೋಡಿದರೆ ಸೀರೆ ಕಟ್ಟಿದ ಸೊಂಟದ ಹತ್ತಿರ ಎರಡು ಉಣುಗು, ಎಳ್ಳಿನಷ್ಟು ಚಿಕ್ಕವು. ಕಚ್ಚಿದ್ದು ಗೊತ್ತೇ ಆಗಿರಲಿಲ್ಲ. ಈಗ ಯಜಮಾನರ ಹಳೇ ಪ್ಯಾಂಟು ಹಾಕಿ, ಕೆಳತುದಿಯನ್ನು ಕಾಲುಚೀಲದೊಳಗೆ ಸೇರಿಸುತ್ತೇನೆ. ಎಣ್ಣೆಯನ್ನು ಮೊಣಕಾಲವರೆಗೆ, ಕೈಗೆ, ಕುತ್ತಿಗೆ ಹಿಂದೆ ಹಚ್ಚುತ್ತೇನೆ. ಬೆವರಿದರೆ ಇಳಿದುಹೋಗುತ್ತದೆ, ಊಟದ ಹೊತ್ತಿಗೆ ಇನ್ನೊಮ್ಮೆ ಬೇಕು. ಮನೆಗೆ ಬಂದವಳೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ. ಹೀಗೆ ಶುರುಮಾಡಿದ ಮೇಲೆ ಎರಡು ವರ್ಷದಲ್ಲಿ ಮೈಮೇಲೆ ಒಂದೂ ಸಿಕ್ಕಿಲ್ಲ. ಕೈ ಸ್ವಲ್ಪ ಜಿಡ್ಡಾಗುತ್ತದೆ, ಕತ್ತಿ ಹಿಡಿಯುವ ಮುಂಚೆ ಅಂಗೈ ಒರೆಸಿಕೊಳ್ಳಿ.

ಆದರೆ ಇದು ಔಷಧಿಯಲ್ಲ, ಉಣುಗು ಹತ್ತದಂತೆ ತಡೆಯುವುದಷ್ಟೇ ಇದರ ಕೆಲಸ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಈ ಕಾಯಿಲೆಗೆ ನೇರ ಔಷಧಿ ಇನ್ನೂ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ ಇದು. ಮೊದಲು ರಷ್ಯಾದ ಇಂಥದೇ ಕಾಯಿಲೆಯ ಲಸಿಕೆ ಕೊಟ್ಟು ನೋಡಿದರು, ಫಲ ಸಿಗಲಿಲ್ಲ. ಆಮೇಲೆ ನಮ್ಮಲ್ಲೇ ಮಾಡಿದ ಲಸಿಕೆ ಬಂತು. 2005ರಿಂದ 2010ರವರೆಗಿನ ಲೆಕ್ಕ ಹಾಕಿದ ಅಧ್ಯಯನದಲ್ಲಿ ಎರಡು ಡೋಸಿಗೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಕಂಡಿತ್ತು. ನಾನೂ ಚುಚ್ಚಿಸಿಕೊಂಡವಳೇ, ತೋಳು ಎರಡು ದಿನ ನೋಯುತ್ತಿತ್ತು. ಮುಂದೆ ಅದರ ಬಲ ಸಾಲದು ಎಂದು ಕೊಡುವುದನ್ನೇ ನಿಲ್ಲಿಸಿದರು. ಹಾಗಾಗಿ ಸದ್ಯಕ್ಕೆ ಬೆಟ್ಟಕ್ಕೆ ಹೋಗುವವರ ಕೈಯಲ್ಲಿ ಉಳಿದಿರುವುದು ಈ ಎಣ್ಣೆ, ಮೈತುಂಬ ಬಟ್ಟೆ, ಬಿಸಿನೀರು.

ನಮ್ಮ ಭಾವನಿಗೆ ಎಣ್ಣೆ ಹಚ್ಚುವ ಅಭ್ಯಾಸವಿರಲಿಲ್ಲ. ಒಮ್ಮೆಲೇ ಜೋರು ಜ್ವರ, ಹಣೆ ಸಿಡಿಯುವಂಥ ನೋವು, ಕಣ್ಣು ಕೆಂಪು. ಮೊದಲು ತೋರಿಸಿದ ಕಡೆ ಜ್ವರದ ಮಾತ್ರೆ ಕೊಟ್ಟು ಕಳಿಸಿದರು, ಬೆಟ್ಟಕ್ಕೆ ಹೋಗಿದ್ದಿರಾ ಅಂತ ಕೇಳಲೇ ಇಲ್ಲ. ರಕ್ತ ಪರೀಕ್ಷೆಗೆ ಹೋಗಿದ್ದು ಎಂಟನೇ ದಿನ. ಶುರುವಿನ ದಿನಗಳಲ್ಲಾದರೆ ಆರ್‌ಟಿ-ಪಿಸಿಆರ್‌ನಲ್ಲಿ ವೈರಸ್ಸೇ ಸಿಗುತ್ತದೆ, ತಡವಾದರೆ ಎಲೈಸಾ ಎಂಬ ರಕ್ತ ಪರೀಕ್ಷೆಯಲ್ಲಿ, ವೈರಸ್ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ ಹುಡುಕಬೇಕು. ಅಷ್ಟರಲ್ಲಿ ಪ್ಲೇಟ್‌ಲೆಟ್ ಇಳಿದು ಒಸಡಿನಲ್ಲಿ ರಕ್ತ ಕಂಡಿತ್ತು. ಡ್ರಿಪ್ ಹಾಕಿ, ದಿನಾ ರಕ್ತ ನೋಡಿ ಉಳಿಸಿಕೊಂಡರು. ಅಕ್ಕ ಆ ಹನ್ನೆರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಜ್ವರ ಬಂದರೆ ಬೆಟ್ಟಕ್ಕೆ ಹೋಗಿದ್ದನ್ನು ನೀವೇ ಡಾಕ್ಟರಿಗೆ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಎಣ್ಣೆಯ ಗುಣಕ್ಕಲ್ಲ. ಹೋದ ವರ್ಷ ನಮ್ಮ ಕೇರಿಗೆ ಬಾಟಲಿ ಬಂದಾಗ ಅರ್ಧ ದರಕು ಮನೆ ಸೇರಿತ್ತು. ಎಣ್ಣೆ ಹಂಚುವವರಲ್ಲಿ ಕೇಳುವುದಿಷ್ಟೇ: ನವೆಂಬರ್‌ನಲ್ಲೇ ಕೊಡಿ, ಆಳುಗಳ ಲೆಕ್ಕವನ್ನೂ ಸೇರಿಸಿ ಕೊಡಿ. ನಮ್ಮನೆಗೆ ಬಂದ ಎರಡು ಬಾಟಲಿಯಲ್ಲಿ ಐದು ಜನ ಹಚ್ಚಿಕೊಂಡಿದ್ದೇವೆ.