ಮೊಣಕಾಲುದ್ದದ ಗೇಟರ್: ಬಟ್ಟೆ ಗಟ್ಟಿ, ಪಟ್ಟಿ ಲಡ್ಡು

ಇಂಗ್ಲೆಂಡಿನ ಪೆನ್ನೈನ್ ವೇ ಎಂಬ ದೂರದ ಕಾಲ್ನಡಿಗೆ ಹಾದಿಯಲ್ಲಿ ಬೂಟಿನೊಳಗೆ ಹೆಚ್ಚು ನೀರು ಸೇರಿಸುವುದು ಹೊಲಗಳ ಒದ್ದೆ ಹುಲ್ಲು. ಪಾಂಡನ್‌ನಿಂದ ಗಾರ್ಗ್ರೇವ್‌ವರೆಗಿನ ಭಾಗವನ್ನೇ ತೆಗೆದುಕೊಳ್ಳಿ. ಮೊದಲು ಇಕಾರ್ನ್‌ಶಾ ಮೂರ್ ಎಂಬ ಬಯಲು ಗುಡ್ಡದ ಕಪ್ಪು ಪೀಟ್ (ಅರೆಕೊಳೆತ ಸಸ್ಯಗಳ ಮಣ್ಣು) ಕೆಸರು, ಆಮೇಲೆ ಲಾದರ್ಸ್‌ಡೇಲ್ ಸುತ್ತಿನ ಹುಲ್ಲುಗಾವಲು, ಮತ್ತೆ 388 ಮೀಟರ್ ಎತ್ತರದ ಪಿನ್‌ಹಾ ಬೀಕನ್, ಇಳಿದರೆ ಪುನಃ ಹೊಲ. ಕೊಯ್ಲಿಗೆ ಮುಂಚೆ ಹುಲ್ಲು ಮೊಣಕಾಲು ಸವರುವಷ್ಟು ಬೆಳೆದಿರುತ್ತದೆ. ಮಳೆ ನಿಂತ ಮೇಲೂ ಅದರ ನೀರು ಪ್ಯಾಂಟಿಗೆ ಹತ್ತಿ, ಕಾಲುಚೀಲ ಹಿಡಿದು ಬೂಟಿಗೆ ಇಳಿಯುತ್ತದೆ. ಬೂಟಿನ ಜಲನಿರೋಧಕ ಪೊರೆ ಎಷ್ಟೇ ಒಳ್ಳೆಯದಿದ್ದರೂ ಮೇಲಿನ ಬಾಯಿ ತೆರೆದೇ ಇರುತ್ತದಲ್ಲ!

ಬೂಟಿನ ಮೇಲಿಂದ ಮೊಣಕಾಲಿನವರೆಗೆ ಸುತ್ತಿಕೊಳ್ಳುವ ಬಟ್ಟೆಯ ಕವಚವಾದ ಈ ಗೇಟರ್ ಆ ಬಾಯಿಯನ್ನು ಚೆನ್ನಾಗಿ ಮುಚ್ಚುತ್ತದೆ. ಕಟ್ಟುವುದಕ್ಕೂ ಒಂದು ಕ್ರಮವಿದೆ. ಬೂಟಿನ ಲೇಸ್ ಬಿಗಿದ ಮೇಲೆ ಗೇಟರ್ ಸುತ್ತಿ, ಮುಂದಿನ ಕೊಕ್ಕೆಯನ್ನು ಲೇಸಿನ ಕೆಳಗಿನ ಅಡ್ಡಹೆಣಿಗೆಗೆ ಸಿಕ್ಕಿಸಬೇಕು. ಪಾದದಡಿಯ ಪಟ್ಟಿಯ ಬಕಲ್ ಹೊರಮಗ್ಗುಲಿಗೇ ಬರಬೇಕು. ಎಡ ಬಲ ಅದಲುಬದಲಾದರೆ ಬಕಲ್‌ಗಳು ಒಂದಕ್ಕೊಂದು ಸಿಕ್ಕಿಕೊಂಡು ಮುಗ್ಗರಿಸುತ್ತೀರಿ. ಮೇಲಿನ ದಾರ ಮೀನಖಂಡದ ಮೇಲೆ ಜಾರದಷ್ಟು ಬಿಗಿದರೆ ಸಾಕು. ಜೋರು ಮಳೆಯಲ್ಲಿ ಮಳೆಪ್ಯಾಂಟ್ ಗೇಟರಿನ ಮೇಲೆ ಬರಲಿ. ಒಳಗೆ ತುರುಕಿದರೆ ತೊಡೆಯಿಂದ ಇಳಿದ ನೀರೆಲ್ಲ ನೇರವಾಗಿ ಬೂಟಿಗೆ! ಬಿಸಿಲು ಬಂದಾಗ ಮಳೆಪ್ಯಾಂಟ್ ಕಳಚಿದರೂ ಹುಲ್ಲಿರುವವರೆಗೆ ಗೇಟರ್ ಬಿಚ್ಚಬೇಡಿ. ಏರಿನಲ್ಲಿ ಒಳಗೆ ಬೆವರುವುದು ನಿಜ, ಉಣ್ಣೆಯ ಕಾಲುಚೀಲ ಅದನ್ನು ತಡೆದುಕೊಳ್ಳುತ್ತದೆ.

ಉಣುಗಿನ ವಿಷಯದಲ್ಲೂ ಇದು ಉಪಕಾರಿ. ಮಲೆನಾಡಿನವರಿಗೆ ಉಣುಗು ಎಂದರೆ ಮಂಗನ ಕಾಯಿಲೆ ನೆನಪಾಗುತ್ತದೆ, ಇಂಗ್ಲೆಂಡಿನಲ್ಲಿ ಭಯ ಉಣುಗಿನಿಂದಲೇ ಹರಡುವ ಲೈಮ್ ಕಾಯಿಲೆಯದು. ಸಂಜೆ ಮೊಣಕಾಲಿನ ಹಿಂಭಾಗ ನೋಡಿಕೊಳ್ಳುವುದನ್ನಂತೂ ತಪ್ಪಿಸಬಾರದು.

ಬೇಸರ ತರಿಸಿದ್ದು ಪಾದದಡಿಯ ಪಟ್ಟಿ. ಬಟ್ಟೆಗೆ ಒಂದು ಗೀರೂ ಬಿದ್ದಿಲ್ಲ, ಪಟ್ಟಿ ಮಾತ್ರ ನೂಲುನೂಲಾಗಿ ಹರಿದಿದೆ. ಕಾರಣ ಸರಳ. ಪಟ್ಟಿ ಕೂರುವುದು ಹಿಮ್ಮಡಿಯ ಮುಂದಿನ ತಗ್ಗಿನಲ್ಲಿ. ಹೊಸ ಬೂಟಿನಲ್ಲಿ ಆ ತಗ್ಗು ಆಳ, ಹಾಗಾಗಿ ಪಟ್ಟಿ ನೆಲಕ್ಕೆ ತಾಗುವುದಿಲ್ಲ. ಅಟ್ಟೆ ಸವೆದಂತೆ ತಗ್ಗು ಕಿರಿದಾಗಿ, ಮೂರ್‌ಗಳ ಪೀಟ್ ಮೇಲೆ ಹಾಸಿದ ಒರಟು ಮರಳುಗಲ್ಲಿನ ಚಪ್ಪಡಿ ಅದನ್ನು ಹೆಜ್ಜೆಹೆಜ್ಜೆಗೂ ಉಜ್ಜುತ್ತದೆ. ಹಿಮ್ಮಡಿ ಎದ್ದು ಕಾಣದ ಚಪ್ಪಟೆ ಅಟ್ಟೆಯ ಶೂಗಳಿಗೆ ಇದು ಬೇಡವೇ ಬೇಡ.

ಪಟ್ಟಿ ಸವೆಯುವುದು ಸಹಜ, ಅದಕ್ಕೆ ಸಿಟ್ಟಿಲ್ಲ. ಆದರೆ ಈ ಮಾದರಿಯಲ್ಲಿ ಅದನ್ನು ಗೇಟರಿಗೇ ಹೊಲಿದುಬಿಟ್ಟಿದ್ದಾರೆ, ಬಿಡಿ ಪಟ್ಟಿ ಮಾರುವುದೂ ಇಲ್ಲ. ವರ್ಷಗಟ್ಟಲೆ ಬಾಳುವ ಬಟ್ಟೆಯನ್ನು ಒಂದು ಗೇಣು ಪಟ್ಟಿಗಾಗಿ ಎಸೆಯಿರಿ ಎಂದರೆ ಹೇಗೆ ಒಪ್ಪುವುದು? ಸದ್ಯದ ಉಪಾಯ ಹೀಗಿದೆ: ಹೊಲಿಗೆ ಬಿಚ್ಚಿ, ಎರಡೂ ಬದಿಗೆ ಲೋಹದ ಐಲೆಟ್ (ತೂತಿನ ಬಳೆ) ಹೊಡೆಸಿ, 4 ಮಿಲಿಮೀಟರ್ ನೈಲಾನ್ ಹಗ್ಗ ಪೋಣಿಸಿ, ಗಂಟು ಹೊರಮಗ್ಗುಲಿಗೆ ಹಾಕಿ. ತುದಿಗಳನ್ನು ಬೆಂಕಿಗೆ ತೋರಿಸಿ ಕರಗಿಸದಿದ್ದರೆ ಎಳೆ ಬಿಚ್ಚಿಕೊಳ್ಳುತ್ತದೆ. ಹಗ್ಗವೂ ಸವೆಯುತ್ತದೆ, ಆದರೆ ಮೀಟರ್ ಹಗ್ಗ ಚೀಲದಲ್ಲಿದ್ದರೆ ದಾರಿಯಲ್ಲೇ ಬದಲಿಸಬಹುದು.

ವೆಲ್ಕ್ರೋಗೆ ಹುಲ್ಲಿನ ಬೀಜ, ಕುರಿಯುಣ್ಣೆ ಅಂಟಿ ಹಿಡಿತ ಸಡಿಲವಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದರೆ ಸರಿಹೋಗುತ್ತದೆ. ಕೆಸರನ್ನು ಒಣಗಿಸಿ ಉದುರಿಸಿ, ತಣ್ಣೀರಲ್ಲಿ ಜಾಲಿಸಿ. ಹೀಟರ್ ಮೇಲೆ ಒಣಹಾಕಬೇಡಿ.

ಈ ಬೆಲೆಗೆ ಇದನ್ನೇ ಮತ್ತೆ ಕೊಳ್ಳುವುದಿಲ್ಲ. ಕೊಳ್ಳುವವರು ಅಂಗಡಿಯಲ್ಲೇ ಗೇಟರ್ ತಲೆಕೆಳಗು ಮಾಡಿ, ಪಟ್ಟಿ ಎರಡೂ ಕಡೆ ಬಿಚ್ಚಿ ಬರುತ್ತದೆಯೇ ನೋಡಿ. ಬಾರದಿದ್ದರೆ ವಾಪಸ್ ಇಟ್ಟುಬಿಡಿ.